ದೋಣಿಗಳು ಸಹಿ ಹಾಕುವ ಊರು

ಮಕ್ಕಳೇ, ನಿಮ್ಮ ಅಟ್ಲಾಸ್ ತೆಗೆದು ಅಟ್ಲಾಂಟಿಕ್ ಸಾಗರದ ಪುಟ ಬಿಡಿಸಿ. ಯುರೋಪಿನ ಪಶ್ಚಿಮದ ಅಂಚಿನಲ್ಲಿ ಪೋರ್ಚುಗಲ್ ದೇಶ ಕಾಣುತ್ತದೆ. ಅದರ ರಾಜಧಾನಿ ಲಿಸ್ಬನ್ ಮೇಲೆ ಬೆರಳಿಟ್ಟು ನೇರವಾಗಿ ಎಡಕ್ಕೆ ಎಳೆಯುತ್ತಾ ಹೋಗಿ. ಬರೀ ನೀಲಿ, ನೀಲಿ, ನೀಲಿ. ಅಮೆರಿಕ ಸಿಗುವುದಕ್ಕೆ ಬಹಳ ಮುಂಚೆಯೇ ಯಾರೋ ಪೆನ್ನು ಕೊಡವಿದಾಗ ಬಿದ್ದ ಶಾಯಿಯ ಹನಿಗಳಂತೆ ಒಂಬತ್ತು ಚುಕ್ಕಿಗಳು ಸಿಗುತ್ತವೆ. ಅವೇ ಅಜೋರ್ಸ್ ದ್ವೀಪಗಳು. ಅವುಗಳಲ್ಲಿ ಒಂದರ ಹೆಸರು ಫಯಾಲ್. ಉದ್ದ ಸುಮಾರು 21 ಕಿ.ಮೀ., ಅಗಲ 14 ಕಿ.ಮೀ. ಇಡೀ ದ್ವೀಪದ ಜನಸಂಖ್ಯೆ ಹದಿನೈದು ಸಾವಿರದ ಆಸುಪಾಸು. ನಮ್ಮ ಕಡೆ ಒಂದು ದೊಡ್ಡ ಹೋಬಳಿ ಅನ್ನಬಹುದು, ಅಷ್ಟೆ. ಈ ಪುಟ್ಟ ದ್ವೀಪದ ಬಂದರು ಪಟ್ಟಣವೇ ಓರ್ತಾ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ 'ಹೆಚ್' ಅಕ್ಷರ ಇರುತ್ತದೆ. ಪೋರ್ಚುಗೀಸರು ಅದನ್ನು ಉಚ್ಚರಿಸುವುದಿಲ್ಲ.

ನನ್ನ ಮಗಳು ಅಳಿಯ ಲಿಸ್ಬನ್‌ನಲ್ಲಿ ಕೆಲಸದಲ್ಲಿದ್ದಾರೆ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಕುಳಿತು ಎದ್ದ ನನಗೆ ನಿವೃತ್ತಿಯ ಮೇಲೆ ತಿರುಗಾಟದ ಹುಚ್ಚು. ಕಳೆದ ಜೂನ್‌ನಲ್ಲಿ ನಾನು, ನನ್ನಾಕೆ, ಮಗಳು ಮತ್ತು ಹತ್ತು ವರ್ಷದ ಮೊಮ್ಮಗ ಆರು ದಿನ ಓರ್ತಾದಲ್ಲಿದ್ದೆವು. ಲಿಸ್ಬನ್‌ನಿಂದ ಸುಮಾರು 1,700 ಕಿ.ಮೀ. ವಿಮಾನ ಇಳಿಯುವಾಗಲೇ ಎದುರಿಗೆ ಪಿಕೊ ದ್ವೀಪದ ಜ್ವಾಲಾಮುಖಿ ಪರ್ವತ ಸಮುದ್ರದಿಂದ ಎದ್ದು ನಿಂತಿತ್ತು. ಎತ್ತರ 2,351 ಮೀಟರ್; ಪೋರ್ಚುಗಲ್ ದೇಶಕ್ಕೇ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಗಿಂತ 400 ಮೀಟರಿಗೂ ಹೆಚ್ಚು. ಓರ್ತಾಕ್ಕೂ ಪಿಕೊಗೂ ನಡುವೆ ಎಂಟು ಕಿ.ಮೀ. ಕಡಲು. ಬೆಟ್ಟದ ತಲೆಯ ಮೇಲೆ ಮೋಡ ಟೋಪಿಯಂತೆ ಕುಳಿತರೆ ಹವೆ ಕೆಡುತ್ತದೆ ಎಂದು ಊರಿನವರು ಲೆಕ್ಕ ಹಾಕುತ್ತಾರೆ.

ದಾರಿಯಲ್ಲದ ದಾರಿಯ ತಂಗುದಾಣ

ಇಷ್ಟು ಸಣ್ಣ ಊರಿನ ಬಂದರಿಗೆ ಪ್ರತಿ ವರ್ಷ ಸಾವಿರಕ್ಕೂ ಹೆಚ್ಚು ಹಾಯಿದೋಣಿಗಳು ಬರುತ್ತವೆ. ಏಕೆ ಗೊತ್ತೇ? ಉತ್ತರ ನಿಮ್ಮ ಭೂಗೋಳದ ಪಾಠದಲ್ಲೇ ಇದೆ.

ಯುರೋಪಿನಿಂದ ಕೆರಿಬಿಯನ್ ದ್ವೀಪಗಳಿಗೆ ಹಾಯಿಯಲ್ಲಿ ಹೋಗುವವರು ಮೊದಲು ದಕ್ಷಿಣಕ್ಕೆ ಇಳಿದು ವಾಣಿಜ್ಯ ಮಾರುತಗಳನ್ನು ಹಿಡಿಯುತ್ತಾರೆ. ಅವು ಈಶಾನ್ಯದಿಂದ ಬೀಸಿ ದೋಣಿಯನ್ನು ಪಶ್ಚಿಮಕ್ಕೆ ತಳ್ಳಿಕೊಂಡು ಹೋಗುತ್ತವೆ. ಹೋಗುವುದೇನೋ ಸುಲಭ. ಬರುವಾಗ ಅದೇ ಗಾಳಿ ಎದುರಿಗೆ ನಿಲ್ಲುತ್ತದೆ! ಆದ್ದರಿಂದ ಮರಳುವವರು ಉತ್ತರಕ್ಕೆ ಏರಿ, ಪಶ್ಚಿಮ ಮಾರುತಗಳ ಬೆನ್ನು ಹತ್ತಿ ಮನೆ ಕಡೆ ತಿರುಗಬೇಕು. ಆ ದೊಡ್ಡ ಬಳಸುದಾರಿಯಲ್ಲಿ ಮೂರು ವಾರ ಕಳೆದ ಮೇಲೆ ಸಿಗುವ ನೆಲವೇ ಅಜೋರ್ಸ್. 1493ರಲ್ಲಿ ಅಮೆರಿಕ ಕಂಡು ಹಿಂತಿರುಗುತ್ತಿದ್ದ ಕೊಲಂಬಸ್ ಕೂಡ ಈ ದ್ವೀಪಗಳಲ್ಲಿ ಒಂದಾದ ಸಾಂತಾ ಮರಿಯಾದಲ್ಲಿ ತಂಗಿದ್ದ.

ಹಾಯಿದೋಣಿಗಳದ್ದು ಮಾತ್ರವಲ್ಲ. 1893ರಲ್ಲಿ ಪೋರ್ಚುಗಲ್‌ನಿಂದ ಸಮುದ್ರದ ತಳದಲ್ಲಿ ತಂತಿ ಎಳೆದು ಓರ್ತಾಕ್ಕೆ ಜೋಡಿಸಿದರು. ಆಮೇಲೆ ಬ್ರಿಟಿಷ್, ಅಮೆರಿಕನ್, ಜರ್ಮನ್ ತಂತಿ ಕಂಪನಿಗಳೆಲ್ಲ ಇಲ್ಲಿ ಕಚೇರಿ ತೆರೆದವು. ಅಮೆರಿಕದಿಂದ ಯುರೋಪಿಗೆ ಹೋಗುವ ಎಷ್ಟೋ ಟೆಲಿಗ್ರಾಂಗಳು ಈ ಊರಿನ ಮೂಲಕವೇ ಹಾಯಬೇಕಿತ್ತು. 1919ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ವಿಮಾನ, ಅಮೆರಿಕದ ಎನ್‌ಸಿ-4 ಎಂಬ ನೀರ ಮೇಲೆ ಇಳಿಯುವ ವಿಮಾನ, ತಂಗಿದ್ದೂ ಈ ಬಂದರಿನಲ್ಲೇ.

ಪ್ಲಮ್ ಹಣ್ಣು, ಗಿಣ್ಣು ಮತ್ತು ಒಬ್ಬ ಭೂತ

ಇಲ್ಲಿಗೆ ಬಂದ ನಾವಿಕರಲ್ಲಿ ನನ್ನ ಮೊಮ್ಮಗನಿಗೆ ಬಹಳ ಹಿಡಿಸಿದವನು ಜೋಶುವಾ ಸ್ಲೋಕಮ್. ಇಡೀ ಭೂಮಿಯನ್ನು ಒಬ್ಬನೇ ಹಾಯಿದೋಣಿಯಲ್ಲಿ ಸುತ್ತಿದ ಮೊದಲಿಗ. 1895ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನಿಂದ ಹೊರಟು 1898ರ ಜೂನ್‌ನಲ್ಲಿ ಮರಳಿದ. ಅವನ ದೋಣಿಯ ಹೆಸರು 'ಸ್ಪ್ರೇ'. 1895ರ ಜುಲೈ 20ರಂದು ಅದು ಓರ್ತಾ ತಲುಪಿತು. ದ್ವೀಪದವರು ಪ್ರೀತಿಯಿಂದ ಹಣ್ಣು, ಗಿಣ್ಣು ತುಂಬಿ ಕಳಿಸಿದರು. ಸಮುದ್ರಕ್ಕೆ ಇಳಿದ ಮೇಲೆ ಸ್ಲೋಕಮ್ ಪ್ಲಮ್ ಹಣ್ಣನ್ನೂ ಬಿಳಿ ಗಿಣ್ಣನ್ನೂ ಹೊಟ್ಟೆ ಬಿರಿಯ ತಿಂದ. ರಾತ್ರಿ ತಡೆಯಲಾರದ ಹೊಟ್ಟೆನೋವು! ಹೊರಗೆ ಬಿರುಗಾಳಿ, ಒಳಗೆ ನೋವು. ಜ್ಞಾನ ತಪ್ಪಿ ಬಿದ್ದ. ಎಚ್ಚರವಾಗಿ ಇಣುಕಿದರೆ ಚುಕ್ಕಾಣಿ ಹಿಡಿದು ಒಬ್ಬ ಎತ್ತರದ ಅಪರಿಚಿತ ನಿಂತಿದ್ದಾನೆ! ತಾನು ಕೊಲಂಬಸನ ಜೊತೆ ಹೋದ 'ಪಿಂಟಾ' ಹಡಗಿನ ನಾವಿಕ, ನೀನು ಮಲಗು, ದೋಣಿ ನಾನು ನೋಡಿಕೊಳ್ಳುತ್ತೇನೆ ಅಂದನಂತೆ. ಬೆಳಗಾದಾಗ ಯಾರೂ ಇಲ್ಲ. ದೋಣಿ ಮಾತ್ರ ಸರಿಯಾದ ದಿಕ್ಕಿನಲ್ಲೇ ಸಾಗಿತ್ತು. ಸ್ಲೋಕಮ್ ಇದನ್ನು ತನ್ನ ಪುಸ್ತಕದಲ್ಲೇ ಬರೆದುಕೊಂಡಿದ್ದಾನೆ. ಉಳಿದ ಪ್ಲಮ್ ಹಣ್ಣನ್ನೆಲ್ಲ ಸಮುದ್ರಕ್ಕೆ ಎಸೆದನಂತೆ.

"ನೋಡು, ಅಜೀರ್ಣ ಆದ್ರೆ ಭೂತ ಕಾಣತ್ತೆ. ರಾತ್ರಿ ಚೀಸ್ ಸಾಕು," ಎಂದಳು ನನ್ನಾಕೆ ಮೊಮ್ಮಗನಿಗೆ. ಅವನು ಕೇಳಲಿಲ್ಲ, ಬಿಡಿ.

ಗೋಡೆಯೇ ರಿಜಿಸ್ಟರು

ಬಂದರಿಗೆ ಹೋದರೆ ಮೊದಲು ಕಣ್ಣು ಸೆಳೆಯುವುದು ಚಿತ್ರಗಳು. ತಡೆಗೋಡೆಯ ಮೇಲೆ, ನೆಲದ ಕಾಂಕ್ರೀಟಿನ ಮೇಲೆ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಬಣ್ಣ. ಇಲ್ಲಿ ತಂಗುವ ಪ್ರತಿ ದೋಣಿಯವರೂ ದೋಣಿಯ ಹೆಸರು, ಇಸವಿ, ಒಂದು ಚಿತ್ರ ಬರೆದೇ ಮುಂದೆ ಹೊರಡಬೇಕು. ಬರೆಯದೆ ಹೋದವರಿಗೆ ಸಮುದ್ರದಲ್ಲಿ ಕೆಡುಕಾಗುತ್ತದೆ ಎಂಬ ನಂಬಿಕೆ. ಜಾಗ ಸಾಲದು. ಆದ್ದರಿಂದ ಮಳೆ ಬಿಸಿಲಿಗೆ ಪೂರ್ತಿ ಮಾಸಿಹೋದ ಚಿತ್ರದ ಮೇಲೆ ಹೊಸಬರು ಬರೆಯುತ್ತಾರೆ. ನನಗಂತೂ ಅದನ್ನು ನೋಡಿ ನಮ್ಮ ಹಳೆಯ ಹಾಜರಿ ಪುಸ್ತಕ ನೆನಪಾಯಿತು. ಬಂದವರೆಲ್ಲ ಸಹಿ ಹಾಕಲೇಬೇಕು!

ಅಲ್ಲೇ ನಮಗೆ ಆ ದಂಪತಿ ಸಿಕ್ಕಿದ್ದು. ಡೆನ್ಮಾರ್ಕ್ ದೇಶದವರು. ಆತನಿಗೆ ಅರವತ್ತಾರು, ಆಕೆಗೆ ಅರವತ್ನಾಲ್ಕು. ಇಬ್ಬರೂ ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಗೋಡೆಯ ಒಂದು ತುಂಡನ್ನು ಆತ ಬ್ರಷ್‌ನಿಂದ ತೊಳೆಯುತ್ತಿದ್ದ. ಆಕೆ ಬಣ್ಣದ ಡಬ್ಬಿಗಳ ಪಕ್ಕ ಸುಮ್ಮನೆ ಕುಳಿತಿದ್ದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್.

ಮೊಮ್ಮಗ ನೇರವಾಗಿ ಹೋಗಿ, "ಕೈಗೆ ಏನಾಯ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿಯೇ ಬಿಟ್ಟ. ಮಕ್ಕಳಿಗೆ ಸಂಕೋಚ ಇಲ್ಲದಿರುವುದು ಎಷ್ಟು ಅನುಕೂಲ!

ಇಪ್ಪತ್ತೊಂದು ಹಗಲು, ಇಪ್ಪತ್ತೊಂದು ರಾತ್ರಿ

ಅವರ ದೋಣಿ ಹನ್ನೊಂದು ಮೀಟರ್ ಉದ್ದದ್ದು. ಒಂದು ಸಿಟಿ ಬಸ್ಸಿನಷ್ಟು. ಕೆರಿಬಿಯನ್ನಿನ ಆಂಟಿಗುವಾದಿಂದ ಹೊರಟು ಸುಮಾರು 2,200 ನಾಟಿಕಲ್ ಮೈಲಿ, ಅಂದರೆ 4,000 ಕಿ.ಮೀ. ದಾಟಿ ಬಂದಿದ್ದರು. ದಿನಕ್ಕೆ ಸರಾಸರಿ ನೂರು ಮೈಲಿಯ ಆಸುಪಾಸು. ನಾವು ಸೈಕಲ್ ತುಳಿಯುವ ವೇಗಕ್ಕಿಂತ ಕಡಿಮೆ!

"ರಾತ್ರಿ ಎಲ್ಲಿ ನಿಲ್ಲಿಸ್ತೀರಿ?" ಎಂದು ಮೊಮ್ಮಗ ಕೇಳಿದ. ಸಾಗರದ ನಡುವೆ ಲಂಗರು ಹಾಕಲು ಆಗದು, ಆಳ ಕಿಲೋಮೀಟರುಗಟ್ಟಲೆ. ಆದ್ದರಿಂದ ದೋಣಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಒಬ್ಬರು ಮೂರು ಗಂಟೆ ಮಲಗಿದರೆ ಇನ್ನೊಬ್ಬರು ಕಾವಲು. ದೊಡ್ಡ ಹಡಗೇನಾದರೂ ಎದುರಾಗುತ್ತಿದೆಯೇ, ಗಾಳಿ ತಿರುಗಿತೇ, ಹಾಯಿ ಇಳಿಸಬೇಕೇ ಎಂದು ನೋಡುತ್ತಿರಬೇಕು. ದೋಣಿ ವಾಲಿದರೂ ಪಾತ್ರೆ ಚೆಲ್ಲದಂತೆ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಬಿಟ್ಟಿರುತ್ತಾರೆ. ಕುಡಿಯುವ ನೀರು ಅಳತೆಯದ್ದು. ಪಾತ್ರೆ ತೊಳೆಯಲು ಸಮುದ್ರದ ನೀರು.

ಹದಿನೈದನೆಯ ದಿನ ಆಕೆ ಸೂಪು ಬಿಸಿ ಮಾಡುತ್ತಿದ್ದಾಗ ಪಕ್ಕದಿಂದ ಒಂದು ತೆರೆ ಅಪ್ಪಳಿಸಿತು. ಕೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು. ಹತ್ತಿರದ ಆಸ್ಪತ್ರೆ ಎಲ್ಲಿ? ಆರು ದಿನದ ದಾರಿ ಮುಂದೆ, ಓರ್ತಾದಲ್ಲಿ. ಆತ ಮರದ ಎರಡು ಪಟ್ಟಿ ಇಟ್ಟು ಬಟ್ಟೆ ಸುತ್ತಿದ. ಆಮೇಲೆ ಆರು ದಿನ ಹಾಯಿಯ ಕೆಲಸವೆಲ್ಲ ಆತನದೇ. ಆಕೆ ಒಂದು ಕೈಯಲ್ಲಿ ಹಿಡಿದುಕೊಂಡು ಕುಳಿತು ಕಾವಲು ಕಾದಳು. ಕೊನೆಗೆ ಒಂದು ಬೆಳಗಿನ ಜಾವ ಮೋಡದ ಮೇಲೆ ಪಿಕೊ ಶಿಖರ ಕಂಡಾಗ ಇಬ್ಬರೂ ಮಾತಾಡಲಿಲ್ಲವಂತೆ.

ಬೇರೆ ದೇಶದಿಂದ ಬಂದ ದೋಣಿ ಬಂದರು ಸೇರುವಾಗ ಹಳದಿ ಬಾವುಟ ಏರಿಸಬೇಕು. "ನಾವು ಹೊಸಬರು, ನಮ್ಮ ಕಾಗದಪತ್ರ ನೋಡಿ" ಎಂದು ಅದರ ಅರ್ಥ. ತಪಾಸಣೆ ಮುಗಿದ ಮೇಲೆ ಅದನ್ನಿಳಿಸಿ ಆ ದೇಶದ ಬಾವುಟ ಏರಿಸುವುದು ಮರ್ಯಾದೆ. ಆ ದಿನ ಹಳದಿ ಬಾವುಟ ಏರಿಸಿದ್ದು ಆಕೆ, ಎಡಗೈಯಲ್ಲಿ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ ವೈದ್ಯರು ಆರು ವಾರ ಹಗ್ಗ ಮುಟ್ಟಕೂಡದು ಎಂದರು. ಇಲ್ಲೇ ಕಷ್ಟ ಶುರುವಾದದ್ದು. ಮುಂದಿನ ನೆಲ ಇಂಗ್ಲೆಂಡಿನ ಫಾಲ್ಮತ್. ಇನ್ನೂ ಸುಮಾರು 1,200 ಮೈಲಿ. ಒಬ್ಬನೇ ಎರಡು ವಾರ ನಿದ್ದೆಗೆಡುವುದು ಆ ವಯಸ್ಸಿಗೆ ಅಪಾಯ. ದೋಣಿ ಇಲ್ಲೇ ಬಿಟ್ಟು ವಿಮಾನದಲ್ಲಿ ಹೋದರೆ ಬಂದರಿನ ಬಾಡಿಗೆ, ಮತ್ತೆ ಬರುವ ಖರ್ಚು. ಹದಿನಾಲ್ಕು ತಿಂಗಳು ಅದೇ ಅವರ ಮನೆಯಾಗಿತ್ತು. ಮೂರನೆಯ ದಾರಿ ಒಂದೇ: ಗೊತ್ತಿಲ್ಲದ ಯಾರನ್ನಾದರೂ ಸಹಾಯಕ್ಕೆ ಹತ್ತಿಸಿಕೊಳ್ಳುವುದು.

ಕಾಗದ ಕಾಯುವ ಅಂಗಡಿ

ಬಂದರಿನ ಎದುರಿಗೆ ನೀಲಿ ಬಣ್ಣದ ಒಂದು ಹೋಟೆಲ್ ಇದೆ. ಹೆಸರು ಪೀಟರ್ ಕೆಫೆ ಸ್ಪೋರ್ಟ್. 1918ರಲ್ಲಿ ಹೆನ್ರಿಕ್ ಅಜೆವೆಡೊ ಎಂಬುವರು ತೆರೆದದ್ದು. ಅವರ ಮಗ ಜೋಸೆ. ಬಂದರಿಗೆ ಬಂದಿದ್ದ ಬ್ರಿಟಿಷ್ ಹಡಗೊಂದರ ಅಧಿಕಾರಿಗೆ ಈ ಹುಡುಗನನ್ನು ಕಂಡರೆ ತನ್ನ ಮಗ ಪೀಟರ್‌ನ ನೆನಪಾಗುತ್ತಿತ್ತಂತೆ. ಅವನು ಪೀಟರ್ ಎಂದೇ ಕರೆದ. ಊರೂ ಹಾಗೇ ಕರೆಯಿತು. ಕೊನೆಗೆ ಹೋಟೆಲಿಗೂ ಅದೇ ಹೆಸರಾಯಿತು. 2005ರಲ್ಲಿ ಜೋಸೆ ತೀರಿಕೊಂಡರು. ಈಗ ಮುಂದಿನ ತಲೆಮಾರು ನಡೆಸುತ್ತಿದೆ.

ಮೊಬೈಲ್ ಇಲ್ಲದ ಕಾಲದಲ್ಲಿ ನಾವಿಕರಿಗೆ ಬರುವ ಕಾಗದಗಳೆಲ್ಲ ಈ ಹೋಟೆಲಿನ ವಿಳಾಸಕ್ಕೇ ಬರುತ್ತಿದ್ದವು. ದೋಣಿ ಬರುವವರೆಗೆ ಜೋಪಾನವಾಗಿ ಇಟ್ಟುಕೊಂಡು ಕೈಗೆ ಕೊಡುತ್ತಿದ್ದರು. ಬೇರೆ ಬೇರೆ ದೇಶದ ನೋಟುಗಳನ್ನು ಬದಲಿಸಿಕೊಡುತ್ತಿದ್ದರು. ಬ್ಯಾಂಕು, ಅಂಚೆ ಕಚೇರಿ, ಹೋಟೆಲು ಮೂರೂ ಒಂದೇ ಕೌಂಟರಿನಲ್ಲಿ! ಮಾಡಿನ ತುಂಬ ದೋಣಿಗಳ ಬಾವುಟ. ಮಹಡಿಯಲ್ಲಿ ತಿಮಿಂಗಿಲದ ಹಲ್ಲಿನ ಮೇಲೆ ಕೊರೆದ ಚಿತ್ರಗಳ ಸಂಗ್ರಹಾಲಯ. ಹಿಂದೆ ಇಲ್ಲಿಯ ಜನ ತೆರೆದ ದೋಣಿಯಲ್ಲಿ ಹೋಗಿ ಕೈಯಿಂದಲೇ ಈಟಿ ಎಸೆದು ತಿಮಿಂಗಿಲ ಹಿಡಿಯುತ್ತಿದ್ದರು. 1980ರ ದಶಕದಲ್ಲಿ ಅದು ನಿಂತಿತು. ಆಗ ಬೇಟೆಗಾಗಿ ಗುಡ್ಡದ ಮೇಲೆ ಕುಳಿತು ತಿಮಿಂಗಿಲ ಹುಡುಕುತ್ತಿದ್ದ ಕಾವಲು ಗೂಡುಗಳಿಂದಲೇ ಈಗ ಪ್ರವಾಸಿಗರಿಗೆ ತಿಮಿಂಗಿಲ ತೋರಿಸಲು ಹುಡುಕುತ್ತಾರೆ.

ಹೋಟೆಲಿನ ಫಲಕದ ಮೇಲೆ ಚೀಟಿಗಳು. ಒಂದು ಚೀಟಿಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು, ಯುರೋಪಿನ ಕಡೆ ಹೋಗುವ ದೋಣಿ ಇದ್ದರೆ ಕೆಲಸ ಮಾಡಿಕೊಂಡು ಬರುತ್ತೇನೆ ಎಂದು ಬರೆದಿದ್ದಳು. ಕೆಳಗೆ, ಹಿಂದೆ ಜೊತೆಗೆ ಬಂದಿದ್ದ ಎರಡು ದೋಣಿಗಳ ಹೆಸರು. ಆತನಿಗೆ ಅನುಮಾನ. ಹುಡುಗಿ ಚಿಕ್ಕವಳು, ಬಿರುಗಾಳಿ ಬಂದರೆ? ರಾತ್ರಿ ಕಾವಲಿನಲ್ಲಿ ನಿದ್ದೆ ಹೋದರೆ? ಒಬ್ಬರು ಮಲಗಿದಾಗ ಇನ್ನೊಬ್ಬರ ಕೈಯಲ್ಲಿ ಜೀವ ಇರುತ್ತದಲ್ಲ!

"ತಾತ, ಅವಳು ಕಳ್ಳಿ ಆಗಿದ್ರೆ?" ಎಂದು ಮೊಮ್ಮಗ ಪಿಸುಗುಟ್ಟಿದ.

ನಾನು ಅವನಿಗೆ ನಮ್ಮ ಬ್ಯಾಂಕಿನ ಹಳೆಯ ಪದ್ಧತಿ ಹೇಳಿದೆ. ಆಧಾರ್ ಕಾರ್ಡು ಇಲ್ಲದ ಕಾಲ. ಯಾರಾದರೂ ಖಾತೆ ತೆರೆಯಲು ಬಂದರೆ ಅರ್ಜಿಯಲ್ಲಿ 'ಪರಿಚಯಿಸುವವರು' ಎಂಬ ಒಂದು ಸಾಲು. ಈಗಾಗಲೇ ನಮ್ಮಲ್ಲಿ ಖಾತೆ ಇರುವ ಒಬ್ಬರು, ಇವರು ನನಗೆ ಗೊತ್ತು ಎಂದು ಸಹಿ ಹಾಕಬೇಕು. ಆ ಒಂದು ಸಹಿಯ ಮೇಲೆ ಎಷ್ಟೋ ರೈತರು, ಬಳೆ ಮಾರುವವರು, ಹೊಸದಾಗಿ ಊರಿಗೆ ಬಂದ ಮೇಷ್ಟ್ರುಗಳು ಖಾತೆದಾರರಾದರು. ಹುಡುಗಿಯ ಚೀಟಿಯ ಕೆಳಗಿದ್ದ ಎರಡು ದೋಣಿಗಳ ಹೆಸರೂ ಅದೇ ಸಾಲು.

ಅವಳ ಹಿಂದಿನ ಒಂದು ದೋಣಿ ಇನ್ನೂ ಓರ್ತಾದಲ್ಲೇ ಇತ್ತು. ದಂಪತಿ ಹೋಗಿ ವಿಚಾರಿಸಿದರು. ಮಾರನೆಯ ದಿನ ಹುಡುಗಿಯನ್ನು ಕರೆದುಕೊಂಡು ಪಿಕೊ ದ್ವೀಪದವರೆಗೆ ಹೋಗಿಬಂದರು.

ಬೂದಿಯಲ್ಲಿ ಹೂತ ದೀಪಸ್ತಂಭ

ಆ ದಿನ ನಾವು ದ್ವೀಪದ ಪಶ್ಚಿಮದ ತುದಿ ಕಪೆಲಿನ್ಯೋಸ್‌ಗೆ ಹೋದೆವು. 1957ರ ಸೆಪ್ಟೆಂಬರ್ 27ರಂದು ಅಲ್ಲಿ ದಡದ ಸಮೀಪ ಸಮುದ್ರ ಕುದಿಯತೊಡಗಿತು. ಮೊದಲು ಕಂಡವರು ಗುಡ್ಡದ ಮೇಲಿನ ತಿಮಿಂಗಿಲ ಕಾವಲುಗಾರರು. ನೀರಿನೊಳಗಿನ ಜ್ವಾಲಾಮುಖಿ! ಮೊದಲು ಒಂದು ನಡುಗಡ್ಡೆಯಾಯಿತು, ಆಮೇಲೆ ಫಯಾಲ್‌ಗೇ ಅಂಟಿಕೊಂಡಿತು. 1958ರ ಅಕ್ಟೋಬರ್‌ವರೆಗೆ, ಹದಿಮೂರು ತಿಂಗಳು ಬೂದಿ ಉಗುಳಿತು. ಯಾರೂ ಸಾಯಲಿಲ್ಲ. ಆದರೆ ಹೊಲ, ಮನೆ, ಹುಲ್ಲುಗಾವಲು ಬೂದಿಯಡಿ ಹೋದವು. ಅಲ್ಲಿಯ ದೀಪಸ್ತಂಭದ ಕೆಳಗಿನ ಅಂತಸ್ತು ಇಂದಿಗೂ ಬೂದಿಯಲ್ಲಿ ಹೂತಿದೆ. 2008ರಲ್ಲಿ ಅದರ ಪಕ್ಕ ನೆಲದೊಳಗೇ ಒಂದು ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. ಸುತ್ತ ಹುಲ್ಲು ಸರಿಯಾಗಿ ಬೆಳೆಯದ ಬೂದುಬಣ್ಣದ ನೆಲ. ಆಗ ಹೊಸದಾಗಿ ಹುಟ್ಟಿದ ಭೂಮಿಯಲ್ಲಿ ಬಹುಪಾಲನ್ನು ಅಲೆಗಳು ಆಗಲೇ ಕೊರೆದು ತಿಂದಿವೆ.

ಬೇಸಾಯ ಹೋದ ಜನ ಏನು ಮಾಡಬೇಕು? ಅಮೆರಿಕದಲ್ಲಿ ಹಿಂದೆಯೇ ಹೋಗಿ ನೆಲೆಸಿದ್ದ ಅಜೋರ್ಸ್ ಜನರಿದ್ದರು. ಅವರ ಒತ್ತಾಯಕ್ಕೆ ಜಾನ್ ಪಾಸ್ಟೋರ್, ಜಾನ್ ಕೆನಡಿ ಎಂಬ ಇಬ್ಬರು ಸೆನೆಟರುಗಳು ನೆರವಾದರು. 1958ರಲ್ಲಿ ಕಾಯಿದೆಯೇ ಬಂತು. 1,500 ಕುಟುಂಬಗಳಿಗೆ ವೀಸಾ ಸಿಕ್ಕಿತು. ಆ ಕೆನಡಿಯೇ ಮುಂದೆ ಅಮೆರಿಕದ ಅಧ್ಯಕ್ಷರಾದರು. ಹೊರಗಿನವರನ್ನು ನೂರಾರು ವರ್ಷ ಕರೆದು ಕೂರಿಸಿದ ದ್ವೀಪದ ಮಕ್ಕಳು ಆ ಬಾರಿ ತಾವೇ ಪರರ ಬಾಗಿಲು ತಟ್ಟಬೇಕಾಯಿತು. ಹೋದವರು ಸಾವಿರಾರು. ಇಂದಿಗೂ ಬೇಸಿಗೆಯಲ್ಲಿ ಅವರ ಮೊಮ್ಮಕ್ಕಳು ಅಜ್ಜಿಯ ಮನೆ ನೋಡಲು ಫಯಾಲ್‌ಗೆ ಬರುತ್ತಾರೆ.

ಎಡಗೈ ಹೆಸರು, ಬಲಗೈ ರಂಗೋಲಿ

ಸಂಜೆ ಬಂದರಿಗೆ ಹೋದಾಗ ದಂಪತಿ ತೀರ್ಮಾನ ಮಾಡಿ ಆಗಿತ್ತು. ಹುಡುಗಿ ಬರುತ್ತಾಳೆ. ಅವಳು ಹಗ್ಗದ ಗಂಟು ಚೆನ್ನಾಗಿ ಹಾಕಿದಳಾ ಎಂದು ನಾನು ಕೇಳಿದೆ.

"ಗಂಟು ಯಾರು ಬೇಕಾದರೂ ಕಲಿಯಬಹುದು," ಎಂದರು ಆಕೆ. "ಊಟಕ್ಕೆ ಕುಳಿತಾಗ ನನಗೆ ಬ್ರೆಡ್ ಕತ್ತರಿಸಲು ಆಗಲಿಲ್ಲ. ಅವಳು ಮಾತಾಡುತ್ತಲೇ ನನ್ನ ತಟ್ಟೆಯ ಬ್ರೆಡ್ ಕತ್ತರಿಸಿ ಈ ಕಡೆ ಸರಿಸಿದಳು. ಕೇಳಲಿಲ್ಲ, ಹೇಳಲಿಲ್ಲ. ನನಗೆ ಅಷ್ಟು ಸಾಕಾಯಿತು."

ಹೊರಡುವ ಮುಂಚೆ ಗೋಡೆಯ ಚಿತ್ರ ಮುಗಿಯಬೇಕು. ಹೆಸರನ್ನು ಆಕೆ ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಸೊಟ್ಟಗೆ ಬರೆದರು. ಸುತ್ತ ಅಂಚು ಬಿಡಿಸಲು ಆಗಲಿಲ್ಲ. ನನ್ನಾಕೆ ಮಗಳ ಮೂಲಕ, ನಾನು ಬಿಡಿಸಲೇ ಎಂದು ಕೇಳಿಸಿದಳು. ಬ್ರಷ್ ಹಿಡಿದು ನೆಲಕ್ಕೆ ಮಂಡಿಯೂರಿ ಚುಕ್ಕಿ ಇಟ್ಟು ಎಂಟು ಎಸಳಿನ ಕಮಲ ಬರೆದಳು. ನಮ್ಮ ಮನೆ ಬಾಗಿಲಲ್ಲಿ ದಿನಾ ಬರೆಯುವುದೇ.

"ಬರೀದಿದ್ರೆ ಕೆಟ್ಟದಾಗತ್ತೆ ಅನ್ನೋದನ್ನ ನೀನೂ ನಂಬ್ತೀಯಾ?" ಎಂದೆ.

"ನಂಬೋದೇನು ರೀ? ಮಗೂಗೆ ದೃಷ್ಟಿಬೊಟ್ಟು ಇಡೋವಾಗ ಲೆಕ್ಕ ಹಾಕಿ ಇಡ್ತೀವಾ? ಚೆನ್ನಾಗಿ ಹೋಗ್ಬರಲಿ ಅಂತ ತಾನೇ," ಎಂದಳು.

ಬಿರುಗಾಳಿಯಲ್ಲಿ ಒಲೆ ಹಚ್ಚಲು ಆಗುವುದಿಲ್ಲ ಎಂದು ಕೇಳಿದಾಗಿನಿಂದ ಅವಳ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಓಡುತ್ತಿತ್ತು. ನಮ್ಮ ಚೀಲದಲ್ಲಿದ್ದ ಹುರಿದವಲಕ್ಕಿಯ ಡಬ್ಬಿ ದೋಣಿ ಸೇರಿತು. ಬೇಯಿಸುವ ಹಾಗಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು.

ಮಾರನೆಯ ಬೆಳಿಗ್ಗೆ ಪಿಕೊ ತಲೆಯ ಮೇಲೆ ಟೋಪಿ ಇರಲಿಲ್ಲ. ಹುಡುಗಿ ಹಗ್ಗ ಬಿಚ್ಚಿದಳು. ಆತ ಚುಕ್ಕಾಣಿ ಹಿಡಿದಿದ್ದ. ಆಕೆ ಎಡಗೈ ಬೀಸಿದರು. ಬಿಳಿ ಹಾಯಿ ಪುಟ್ಟದಾಗುತ್ತಾ ಹೋಗಿ ಕೊನೆಗೆ ನನ್ನ ಕನ್ನಡಕಕ್ಕೆ ಕಾಣದಾಯಿತು. ಮೊಮ್ಮಗನಿಗೆ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿತ್ತಂತೆ.

ಹನ್ನೆರಡನೆಯ ದಿನ ಲಿಸ್ಬನ್‌ನಲ್ಲಿ ಮಗಳ ಮೊಬೈಲಿಗೆ ಸಂದೇಶ ಬಂತು. ಫಾಲ್ಮತ್ ತಲುಪಿದ್ದಾರೆ. ದಾರಿಯಲ್ಲಿ ಎರಡು ದಿನ ಜೋರು ಗಾಳಿ. ಆ ಎರಡು ರಾತ್ರಿಯೂ ಆತ ನಾಲ್ಕು ನಾಲ್ಕು ಗಂಟೆ ನಿದ್ದೆ ಮಾಡಿದನಂತೆ. ಹುಡುಗಿ ಮುಂದೆ ಇನ್ನೊಂದು ದೋಣಿ ಹುಡುಕುತ್ತಿದ್ದಾಳೆ. ಅವಳ ಚೀಟಿಯ ಕೆಳಗೆ ಈಗ ಮೂರು ದೋಣಿಗಳ ಹೆಸರು. ಕೊನೆಯಲ್ಲಿ ಆಕೆ ಒಂದು ಪ್ರಶ್ನೆ ಕೇಳಿದ್ದರು: ಡಬ್ಬಿ ಮೂರನೆಯ ದಿನಕ್ಕೇ ಖಾಲಿಯಾಯಿತು, ಅದನ್ನು ಮಾಡುವುದು ಹೇಗೆ?

ನನ್ನಾಕೆ ಹೇಳುತ್ತಾ ಹೋದಳು. ಮಗಳು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಒಗ್ಗರಣೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಅವರಿಬ್ಬರೂ ಸಂಜೆಯವರೆಗೆ ಚರ್ಚೆ ಮಾಡುತ್ತಿದ್ದರು.